ಶಿಳ್ಳೆ ಟೀಚರ್ ಕುತ್ತಿಗೆ

ಚೀಟಿಯ ಮೇಲೆ ಅಣ್ಣ ಗೀಚಿದ್ದ ಒಂದು ಸಾಲನ್ನು ಓದಿ ಡಾಕ್ಟರಮ್ಮನಿಗೆ ಬೆಳಬೆಳಗ್ಗೆಯೇ ಪಿತ್ತ ನೆತ್ತಿಗೇರಿತು. 'ಥೈರಾಯ್ಡ್ ಗಂಟುಗಳು, ಖಚಿತಪಡಿಸಿ, ನಾಳಿದ್ದು ಆಪರೇಷನ್.' ನೋಡಿ ಹೇಳಿ ಎಂದಲ್ಲ, ಖಚಿತಪಡಿಸಿ ಎಂದು. ಅಂದರೆ ಗಂಟು ಇದೆ ಎಂದು ತೀರ್ಮಾನವಾಗಿ, ಕೊಯ್ಯುವ ದಿನವೂ ನಿಗದಿಯಾಗಿ, ಇನ್ನು ತಂಗಿ ಕೋಲೆಬಸವನ ಹಾಗೆ ತಲೆಯಾಡಿಸುವುದೊಂದೇ ಬಾಕಿ.

ಆಸ್ಪತ್ರೆ ಕಟ್ಟಿದ್ದು ಅಪ್ಪ. ಅಪ್ಪ ಸರ್ಜನ್ ಆಗಿದ್ದರು, ಅಣ್ಣನೂ ಸರ್ಜನ್ ಆದ. ಅವಳಿಗೂ ಆಪರೇಷನ್ ಕೋಣೆಯ ಕಡೆಗೇ ಮನಸ್ಸಿತ್ತು. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಓಡುವ ಪಾಡು ಹೆಣ್ಣುಮಗಳಿಗೆ ಯಾಕೆ, ಒಂದು ಕಡೆ ಕೂತು ಸ್ಕ್ಯಾನಿಂಗ್ ಮಾಡಿಕೊಂಡಿರಲಿ ಎಂದು ಅಪ್ಪ ಹೇಳಿದರು, ಅವರು ಹೇಳಿದ ಮೇಲೆ ಮುಗಿಯಿತು. ಒಲ್ಲದ ಮನಸ್ಸಿನಿಂದ ಹಿಡಿದ ಆ ಕೆಲಸ ಬರಬರುತ್ತಾ ಅವಳ ಕೈಗೂ ಕಣ್ಣಿಗೂ ಅಂಟಿಕೊಂಡಿತು. ಬೂದುಬಣ್ಣದ ಪರದೆಯಲ್ಲಿ ಬೇರೆಯವರಿಗೆ ಬರೀ ಮೋಡ ಕಾಣುವ ಕಡೆ ಅವಳಿಗೆ ಓಣಿ, ತಿರುವು, ಗೋಡೆ ಎಲ್ಲ ಬಿಡಿಬಿಡಿಯಾಗಿ ಕಾಣತೊಡಗಿದವು. ಅಪ್ಪ ತೀರಿಕೊಂಡ ಮೇಲೆ ಯಜಮಾನಿಕೆ ಅಣ್ಣನಿಗೆ ಬಂತು, ಆಡಳಿತ ಅತ್ತಿಗೆಗೆ ಹೋಯಿತು, ನೆಲಮಾಳಿಗೆಯ ಈ ಕತ್ತಲೆ ಕೋಣೆ ಅವಳ ಪಾಲಿಗೆ ಉಳಿಯಿತು. ಅಣ್ಣ ಇಂದಿಗೂ ರೋಗಿಗಳ ಎದುರಿಗೇ ಅವಳನ್ನು ಪುಟ್ಟಿ ಎಂದು ಕರೆಯುತ್ತಿದ್ದ. ಅರ್ಧ ತಲೆ ನೆರೆತ ಹೆಂಗಸನ್ನು ಪುಟ್ಟಿ ಎಂದರೆ ಅವಳು ಬರೆದ ರಿಪೋರ್ಟಿಗೆ ಯಾರು ಮೂರು ಕಾಸಿನ ಬೆಲೆ ಕೊಡುತ್ತಾರೆ ಎಂದು ಅವಳು ಒಂದೆರಡು ಸಲ ಹೇಳಿ ನೋಡಿದ್ದಳು. ಅಣ್ಣ ನಕ್ಕು, ಪ್ರೀತಿಯಿಂದ ಕರೆದರೆ ಅದಕ್ಕೂ ಮೂತಿ ಊದಿಸಿಕೊಳ್ಳುತ್ತೀಯಲ್ಲ ಎಂದು ಮಾತು ತೇಲಿಸಿದ್ದ.

ಒಳಗೆ ಬಂದ ರೋಗಿ ಬಿರುಬಿಸಿಲಿನ ದಿನದಲ್ಲೂ ಉಣ್ಣೆಯ ಸ್ವೆಟರ್ ತೊಟ್ಟಿದ್ದಳು. ಅಗಲ ಭುಜದ, ಗಟ್ಟಿ ಮೈಕಟ್ಟಿನ ಹೆಂಗಸು. ನಗರಸಭೆಯ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳಂತೆ. ಮೊದಲೆಲ್ಲ ಕೊಳದ ಆ ತುದಿಯಲ್ಲಿ ಕಾಲು ಮಡಚಿದ ಹುಡುಗಿಯನ್ನು ಈ ತುದಿಯಿಂದಲೇ ಗದರಿಸುತ್ತಿದ್ದವಳ ದನಿ ಈಗೊಂದು ವರ್ಷದಿಂದ ಗೊಗ್ಗರಾಗಿ, ಕೂಗಿದರೆ ಗಾಳಿಯಷ್ಟೇ ಹೊರಡುತ್ತಿತ್ತು. ಅದಕ್ಕೇ ಕೊರಳಿಗೆ ಶಿಳ್ಳೆ ಕಟ್ಟಿಕೊಂಡಿದ್ದಳು. ಮಕ್ಕಳು ಶಿಳ್ಳೆ ಟೀಚರ್ ಎಂದು ಹೆಸರಿಟ್ಟಿದ್ದರು. ನೀರಿಗಿಳಿದರೆ ಹಲ್ಲು ಕಟಕಟ ಎನ್ನುತ್ತಿತ್ತು. ತಿನ್ನುವುದು ಕಡಿಮೆಯಾದರೂ ಮೈ ಮಾತ್ರ ಊದುತ್ತಿತ್ತು. ಬಾಚಣಿಗೆ ಹಾಕಿದರೆ ಕೂದಲು ಉಂಡೆಗಟ್ಟಿ ಬರುತ್ತಿತ್ತು. ಕೆಲಸದ ಜಾಗದಲ್ಲಿ ಇವಳಿಗೆ ಮೈಗಳ್ಳತನ ಬಂದಿದೆ ಎಂದರು. ಮನೆಯಲ್ಲಿ ಗಂಡ, ನಿನಗೆ ಯೋಚನೆ ಜಾಸ್ತಿ ಎಂದ. ಕೊನೆಗೆ ಯಾವುದೋ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿ, ಕುತ್ತಿಗೆ ತುಂಬ ಗಂಟುಗಳಿವೆ ಎಂದು ಬರೆದುಕೊಟ್ಟರು. ಅದನ್ನು ಹಿಡಿದು ಅಣ್ಣನ ಬಳಿ ಬಂದಿದ್ದಳು. ಅಣ್ಣ ಕುತ್ತಿಗೆ ಒತ್ತಿ ನೋಡಿ, ಪೂರ್ತಿ ತೆಗೆದುಬಿಡೋಣ, ನಿಶ್ಚಿಂತೆ ಎಂದಿದ್ದ.

ಭುಜದ ಕೆಳಗೆ ದಿಂಬು ಕೊಟ್ಟು, ತಲೆ ಹಿಂದಕ್ಕೆ ಚಾಚಿಸಿ, ಚಳಿಯಾಗದಿರಲಿ ಎಂದು ಬಿಸಿನೀರಿನ ಬೋಗುಣಿಯಲ್ಲಿಟ್ಟಿದ್ದ ಜೆಲ್ ಹಚ್ಚಿ, ಡಾಕ್ಟರಮ್ಮ ಸ್ಕ್ಯಾನಿಂಗ್ ಯಂತ್ರದ ಪ್ರೋಬನ್ನು ಕುತ್ತಿಗೆಯ ಬಲಭಾಗಕ್ಕೆ ಇಟ್ಟಳು. ಇಟ್ಟ ಕೂಡಲೇ ಅವಳಿಗೆ ಗೊತ್ತಾಯಿತು.

ಒಳ್ಳೆಯ ಥೈರಾಯ್ಡ್ ಗ್ರಂಥಿ ಪರದೆಯ ಮೇಲೆ ನುಣ್ಣಗೆ, ತಿಳಿಬೂದು ಬಣ್ಣಕ್ಕೆ, ಒಂದೇ ಹದದಲ್ಲಿ ಕಾಣಬೇಕು. ಇದು ನುಸಿ ತಿಂದ ಕಂಬಳಿಯ ಹಾಗಿತ್ತು. ಕಪ್ಪುಗಟ್ಟಿದ ಹಾಸಿನಲ್ಲಿ ಅಲ್ಲಲ್ಲಿ ತೂತು ಬಿದ್ದಂಥ ಮಚ್ಚೆಗಳು, ನಡುವೆ ಬಿಳಿಯ ನಾರಿನ ಎಳೆಗಳು. ಬಣ್ಣದ ಗುಂಡಿ ಒತ್ತಿದರೆ ರಕ್ತದ ಓಡಾಟ ಇಡೀ ಗ್ರಂಥಿಯಲ್ಲಿ ಕೆಂಪು ನೀಲಿ ಕಿಡಿಗಳಾಗಿ ಹಾರಿತು. ಎಳೆಗಳ ನಡುವೆ ಸಿಕ್ಕಿಕೊಂಡ ತುಣುಕುಗಳು ಒಂದು ದಿಕ್ಕಿನಿಂದ ನೋಡಿದರೆ ಥೇಟ್ ಗಂಟಿನಂತೆಯೇ ಗುಂಡಗೆ ಕಾಣುತ್ತಿದ್ದವು. ಆದರೆ ಪ್ರೋಬನ್ನು ಅಡ್ಡಕ್ಕೆ ತಿರುಗಿಸಿದರೆ ಆ ಗುಂಡು ಎಳೆದ ಹಾಗೆ ಉದ್ದವಾಗಿ ಪಕ್ಕದ್ದರೊಳಗೆ ಸೇರಿ ಕರಗಿಹೋಗುತ್ತಿತ್ತು. ಹಿಂದಿನ ಸೆಂಟರಿನವರು ತಿರುಗಿಸಿ ನೋಡುವ ಗೋಜಿಗೇ ಹೋಗಿರಲಿಲ್ಲ.

ನೋಡುತ್ತಾ ಹೋದ ಹಾಗೆ ಅವಳು ರೋಗಿಗೂ ವಿವರಿಸಿದಳು. ಮೈಯನ್ನು ಕಾಯಬೇಕಾದ ಕಾವಲಿನವರೇ ದಾರಿ ತಪ್ಪಿ ಈ ಗ್ರಂಥಿಯನ್ನು ಶತ್ರು ಎಂದು ತಿಳಿದು ಹೊಡೆಯುತ್ತಿದ್ದಾರೆ. ಚಳಿ, ಸುಸ್ತು, ಒಡೆದ ದನಿ ಎಲ್ಲ ಅದರಿಂದಲೇ ಇರಬಹುದು. ರಕ್ತ ಪರೀಕ್ಷೆ ಮಾಡಿಸಿದರೆ ಅದೂ ತಿಳಿಯುತ್ತದೆ. ದಿನಾ ಒಂದು ಮಾತ್ರೆ ತೆಗೆದುಕೊಂಡರೆ ಹೆಚ್ಚಿನದ್ದೆಲ್ಲ ಸರಿಹೋಗುತ್ತದೆ.

ಎಡಭಾಗ ನೋಡುತ್ತಿರುವಾಗ ಗೋಡೆಯ ಫೋನು ಬಡಿದುಕೊಂಡಿತು. ಅಣ್ಣ. ಪುಟ್ಟಿ, ಆಯ್ತಾ, ಇಷ್ಟು ಹೊತ್ತು ಏನು ಮಾಡ್ತಿದ್ದೀಯ, ಗಂಟು ಎಣಿಸ್ತಿದ್ದೀಯಾ ಎಂದು ಕೇಳಿ ತನ್ನ ತಮಾಷೆಗೆ ತಾನೇ ನಕ್ಕ. ಅವಳು ಫೋನು ಕುಕ್ಕಿದಳು. ಕಿವಿ ಬಿಸಿಯಾಗಿತ್ತು. ಪ್ರೋಬನ್ನು ಮತ್ತೆ ಕುತ್ತಿಗೆಗಿಟ್ಟು ನಾಲ್ಕು ಚಿತ್ರ ತೆಗೆದು, ಸಾಕು, ಎದ್ದೇಳಿ ಎಂದಳು.

ಶಿಳ್ಳೆ ಟೀಚರ್ ಕುತ್ತಿಗೆ ಒರೆಸಿಕೊಳ್ಳುತ್ತಾ ಕೇಳಿದಳು. "ಹಾಗಾದ್ರೆ ನನಗೆ ಗಂಟು ಇಲ್ವಾ ಮೇಡಂ?"

"ಇಲ್ಲ."

"ಮತ್ತೆ ನಾಳಿದ್ದು ಆಪರೇಷನ್?"

ಇದಕ್ಕೆ ಉತ್ತರ ಹೇಳಬೇಕಾದವನು ಅಣ್ಣ. ಸ್ಕ್ಯಾನಿಂಗಿನವರು ಕಂಡದ್ದನ್ನು ಬರೆದು ಸುಮ್ಮನಿರಬೇಕು. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಫೋನಿನಲ್ಲಿ ಕೇಳಿದ ಆ ನಗು ಇನ್ನೂ ಕಿವಿಯಲ್ಲಿತ್ತು. ಆಪರೇಷನ್ ಬೇಕಾಗುವುದಿಲ್ಲ, ನಾನು ಮಾತಾಡುತ್ತೇನೆ, ನೀವು ಧೈರ್ಯವಾಗಿ ಮನೆಗೆ ಹೋಗಿ ಎಂದುಬಿಟ್ಟಳು.

ರಿಪೋರ್ಟಿನಲ್ಲಿ ಗಂಟುಗಳಿಲ್ಲ ಎಂದು ದಪ್ಪ ಅಕ್ಷರದಲ್ಲಿ ಹಾಕಿ, ಸಹಿ ಮಾಡಿ, ಯಾರ ಕೈಯಲ್ಲೂ ಕಳಿಸದೆ ತಾನೇ ಮೆಟ್ಟಿಲು ಹತ್ತಿ ಹೋಗಿ ಅಣ್ಣನ ಮೇಜಿನ ಮೇಲಿಟ್ಟಳು. ಅಣ್ಣ ಕೆಟ್ಟವನೇನಲ್ಲ. ಹೊಟ್ಟೆ ಒಡೆದುಕೊಂಡು ಬಂದವರನ್ನು ಬದುಕಿಸಿ ಕಳಿಸಿದ ಕೈ ಅದು. ಆದರೆ ಆ ಕೈಯ ಮೇಲೆ ಅವನಿಗೆ ಎಂಥ ಮೋಹವೆಂದರೆ, ಅದು ಮುಟ್ಟಿ ಹೇಳಿದ್ದನ್ನು ಬೇರೆ ಯಾರ ಕಣ್ಣೂ ಅಲ್ಲಗಳೆಯುವಂತಿರಲಿಲ್ಲ. ಅವನು ರಿಪೋರ್ಟನ್ನು ಅರ್ಧ ಓದಿ ಕನ್ನಡಕ ತೆಗೆದಿಟ್ಟ.

"ಇವಳ ಗ್ರಂಥಿ ಹೇಗಿದ್ರೂ ಸಾಯ್ತಿದೆ. ಮಾತ್ರೆ ಹೇಗಿದ್ರೂ ಜೀವನಪೂರ್ತಿ ನುಂಗ್ಬೇಕು. ಒಂದೇ ಸಲ ತೆಗೆದುಹಾಕಿದ್ರೆ ಆಮೇಲೆ ಗಂಟು ಇದೆಯೋ ಇಲ್ವೋ ಅನ್ನೋ ಪ್ರಶ್ನೆನೇ ಇರಲ್ಲ. ಅದಕ್ಕೆ ಯಾಕೆ ಇಷ್ಟು ಹಾರಾಡ್ತೀಯ?"

"ಗ್ರಂಥಿ ಊದ್ಕೊಂಡು ಸುತ್ತಮುತ್ತ ಅಂಟ್ಕೊಂಡಿದೆ ಅಣ್ಣ. ಬಿಡಿಸೋಕೆ ಹೋದ್ರೆ ದನಿಯ ನರ ಹೋಗಬಹುದು. ಅವಳು ಕೂಗಿ ಹೊಟ್ಟೆ ಹೊರೆಯೋಳು."

"ನನ್ನ ಕೈಯಲ್ಲಿ ನರ ಹೋಗಲ್ಲ."

ರಕ್ತದ ಆ ಪರೀಕ್ಷೆಯನ್ನಾದರೂ ಮಾಡಿಸಿದ್ದೀಯಾ ಎಂದು ಅವಳು ಕೇಳಿದಳು. ಇಲ್ಲ. ಗಂಟು ಎಂದು ಅನುಮಾನವಿದ್ದರೆ ಮೊದಲು ಸೂಜಿ ಹಾಕಿ ಒಳಗಿನ ಕೋಶ ತೆಗೆದು ನೋಡಬೇಕಿತ್ತಲ್ಲವೇ. ಅದೂ ಇಲ್ಲ. ಕೈಗೇ ಸಿಗುವಾಗ ಸೂಜಿ ಯಾಕೆ ಎಂದ. ಆಮೇಲೆ ದನಿ ತಗ್ಗಿಸಿ, ರಿಪೋರ್ಟು ಸ್ವಲ್ಪ ಮೆತ್ತಗೆ ಬರೆದುಕೊಡು, ಗಂಟು ಇಲ್ಲವೆಂದು ಹೇಳಲಾಗದು ಅಂತ ಹಾಕಿದರೆ ಸಾಕು, ನಿನಗೂ ಸುಳ್ಳು ಬರೆದ ಹಾಗಾಗುವುದಿಲ್ಲ ಎಂದ. ಅವಳು ಹಲ್ಲು ಕಚ್ಚಿಕೊಂಡು, ಕಂಡದ್ದನ್ನು ಬರೆದಿದ್ದೇನೆ, ಒಂದು ಅಕ್ಷರ ಬದಲಾಯಿಸುವುದಿಲ್ಲ ಎಂದಳು. ಹಾಗಾದರೆ ಹಳೆಯ ಸ್ಕ್ಯಾನ್ ಇದೆಯಲ್ಲ, ಅದರ ಮೇಲೆಯೇ ಮಾಡುತ್ತೇನೆ, ನಿನ್ನದನ್ನು ನೀನೇ ಇಟ್ಟುಕೋ ಎಂದು ಅಣ್ಣ ಕಾಗದವನ್ನು ಅವಳ ಕಡೆಗೆ ತಳ್ಳಿದ.

ಅಮ್ಮ ಅಣ್ಣನ ಜೊತೆಯಲ್ಲೇ, ಆಸ್ಪತ್ರೆಯ ಮೇಲಿನ ಅಂತಸ್ತಿನ ಮನೆಯಲ್ಲಿದ್ದಳು. ಮಧ್ಯಾಹ್ನದ ಊಟಕ್ಕೆ ಡಾಕ್ಟರಮ್ಮ ಎಂದಿನಂತೆ ಮೇಲೆ ಹೋದಾಗ ಸುದ್ದಿ ಅವಳಿಗಿಂತ ಮೊದಲೇ ಹೋಗಿ ಕೂತಿತ್ತು. ಅತ್ತಿಗೆ ಬಡಿಸುತ್ತಾ, ಮನೆಯವರೇ ಮನೆಯವರ ಮೇಲೆ ಬರೆದುಕೊಟ್ಟರೆ ಹೊರಗಿನವರು ಏನೆಂದಾರು ಎಂದು ತಟ್ಟೆಗೇ ಹೇಳಿದಳು. ಅಮ್ಮ ಮಾತ್ರ ನೇರವಾಗಿ ಹೇಳಿದಳು. ಅವನು ದೊಡ್ಡವನು, ಅವನಿಗೆ ಜವಾಬ್ದಾರಿ ಇರುತ್ತದೆ, ನೀನು ನಿನ್ನ ಕೆಲಸ ಎಷ್ಟೋ ಅಷ್ಟು ನೋಡಿಕೋ. ನನ್ನ ಕೆಲಸ ಅಷ್ಟನ್ನೇ ನಾನು ನೋಡಿದ್ದು ಎಂದು ಹೇಳಿ ಡಾಕ್ಟರಮ್ಮ ಅರ್ಧ ಊಟದಲ್ಲೇ ಎದ್ದು ಕೈ ತೊಳೆದಳು.

ಕೆಳಗೆ ಬಂದು ಬಾಗಿಲು ಹಾಕಿಕೊಂಡು ಆ ಚಿತ್ರಗಳನ್ನು ಮತ್ತೆ ತೆರೆದಳು. ದೊಡ್ಡ ಆಸ್ಪತ್ರೆಯ ಯಾರಿಗಾದರೂ ಕಳಿಸಿ, ಇನ್ನೊಬ್ಬರ ಅಭಿಪ್ರಾಯ ತಂದು ಅಣ್ಣನ ಮುಖಕ್ಕೆ ಹಿಡಿಯಬೇಕು ಎಂಬ ಹಟ ಅವಳದು. ಒಂದೊಂದೇ ಚಿತ್ರ ಆರಿಸುತ್ತಾ ಬಂದವಳ ಕೈ ಕೊನೆಯ ನಾಲ್ಕರಲ್ಲಿ ಒಂದರ ಮೇಲೆ ನಿಂತಿತು. ಎಡಭಾಗದ ತಳದಲ್ಲಿ, ಶ್ವಾಸನಾಳದ ಮಗ್ಗುಲಿಗೆ, ಬಿಳಿ ಎಳೆಯೊಂದರ ಹಿಂದೆ ಒಂದು ಪುಟ್ಟ ಗುಂಡು. ಉಳಿದವುಗಳಿಗಿಂತ ಕಪ್ಪು, ತನ್ನದೇ ಅಂಚು ಕಟ್ಟಿಕೊಂಡದ್ದು. ಇದನ್ನು ಅಡ್ಡಕ್ಕೆ ತಿರುಗಿಸಿ ನೋಡಿದ ಚಿತ್ರ ಇರಲೇ ಇಲ್ಲ. ಫೋನು ಕುಕ್ಕಿದ ಮೇಲೆ ಅವಳು ಬಿಟ್ಟ ಜಾಗದಿಂದ ನೋಡದೆ ಮುಂದಕ್ಕೆ ಹಾರಿದ್ದಳು.

ಇದೂ ಕರಗುವ ಪೈಕಿಯೇ ಇರಬಹುದು, ಇಲ್ಲದೆಯೂ ಇರಬಹುದು. ನಿಜವಾದ ಗಂಟೇ ಆಗಿದ್ದರೂ ಇಷ್ಟು ಸಣ್ಣದು ಬಹುತೇಕ ನಿರುಪದ್ರವಿ. ಆರು ತಿಂಗಳು ಬಿಟ್ಟು ಸದ್ದಿಲ್ಲದೆ ಮತ್ತೆ ನೋಡಿದರೆ ಪ್ರಪಂಚ ಮುಳುಗುವುದಿಲ್ಲ. ಈಗ ಬಾಯಿ ಬಿಟ್ಟರೆ ಮಾತ್ರ ಅಣ್ಣ ಗೆದ್ದ, ಆ ಹೆಂಗಸಿನ ಗಂಟಲು ನಾಳಿದ್ದು ಅವನ ಚಾಕುವಿನ ಕೆಳಗೆ. ಅವಳು ಪರದೆ ಆರಿಸಿ ಕತ್ತಲಲ್ಲಿ ಕೂತಳು. ಅಣ್ಣನ ಮೇಲಿದ್ದ ಸಿಟ್ಟು ಈಗ ತನ್ನ ಮೇಲೆಯೇ ತಿರುಗಿತ್ತು. ಅವನು ಕೈಯನ್ನು ನಂಬಿ ಕಣ್ಣು ಮುಚ್ಚಿದರೆ ತಾನು ಸಿಟ್ಟನ್ನು ನಂಬಿ ಕಣ್ಣು ಮುಚ್ಚಿದ್ದಳು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂಬುದರಲ್ಲಿ ಅನುಮಾನವೇನೂ ಉಳಿಯಲಿಲ್ಲ.

ರೋಗಿಯ ಫೋನಿಗೆ ಕರೆ ಮಾಡಿದರೆ ಯಾರೂ ಎತ್ತಲಿಲ್ಲ. ಪಾಠದ ಹೊತ್ತಿರಬೇಕು ಎಂದುಕೊಂಡು ಈಜುಕೊಳಕ್ಕೇ ಹೋದಳು.

ಗೇಟು ದಾಟುವಾಗಲೇ ಕ್ಲೋರಿನ್ನಿನ ಘಾಟು ಮೂಗಿಗೆ ಅಡರಿತು. ಒದ್ದೆ ಟವೆಲುಗಳು ಕಂಬಿಯ ಮೇಲೆ ಸಾಲಾಗಿ ನೇತಾಡುತ್ತಿದ್ದವು. ರಬ್ಬರ್ ಟೋಪಿ ಹಾಕಿದ ಮಕ್ಕಳು ಕೊಳದ ಅಂಚು ಹಿಡಿದು ಕಾಲು ಬಡಿಯುತ್ತಿದ್ದರು. ಶಿಳ್ಳೆ ಟೀಚರ್ ಸ್ವೆಟರಿನ ಮೇಲೆ ಟವೆಲ್ ಹೊದ್ದು ಅಂಚಿನಲ್ಲೇ ಓಡಾಡುತ್ತಾ, ಶಿಳ್ಳೆ ಊದಿ, ಕೈಸನ್ನೆಯಲ್ಲೇ ಬೆನ್ನು ನೇರ ಮಾಡು, ಮೊಣಕಾಲು ಮಡಚಬೇಡ ಎಂದು ಹೇಳುತ್ತಿದ್ದಳು. ಡಾಕ್ಟರಮ್ಮನನ್ನು ಕಂಡು ಅವಳ ಮುಖ ಅರಳಿತು. ಮನೆಯವರಿಗೆಲ್ಲ ಹೇಳಿದೆ ಮೇಡಂ, ಆಪರೇಷನ್ ಇಲ್ಲ ಅಂತ, ಎಲ್ಲರಿಗೂ ಸಮಾಧಾನವಾಯಿತು ಎಂದಳು. ಡಾಕ್ಟರಮ್ಮ ಸುತ್ತಿ ಬಳಸದೆ ಹೇಳಿದಳು. ಒಂದು ಜಾಗವನ್ನು ನಾನು ಸರಿಯಾಗಿ ನೋಡಲಿಲ್ಲ. ಗಂಟೇ ಇಲ್ಲ ಎಂದು ಹೇಳಿದ್ದು ಅವಸರದ ಮಾತು. ನಾಳೆ ಬೆಳಗ್ಗೆ ಮತ್ತೊಮ್ಮೆ ಬರಬೇಕು.

ಅರಳಿದ ಮುಖ ಹಾಗೆಯೇ ಮುಚ್ಚಿಕೊಂಡಿತು. ಅವಳು ಕೊಳದ ಕಡೆ ತಿರುಗಿ ಶಿಳ್ಳೆಯನ್ನು ಎಷ್ಟು ಜೋರಾಗಿ ಊದಿದಳೆಂದರೆ ಮಕ್ಕಳು ಕಾಲು ಬಡಿಯುವುದನ್ನೇ ನಿಲ್ಲಿಸಿ ಅವಳನ್ನು ನೋಡಿದರು.

ಮರುದಿನ ಬೆಳಗ್ಗೆ ಅವಳು ಬಂದಾಗ ಡಾಕ್ಟರಮ್ಮ ಅಣ್ಣನಿಗೂ ಹೇಳಿಕಳಿಸಿದಳು. ಕದ್ದುಮುಚ್ಚಿ ನೋಡುವುದು ಬೇಡ, ಇದ್ದದ್ದು ಇದ್ದ ಹಾಗೆ ಅವನೆದುರಿಗೇ ಕಾಣಲಿ ಎಂದು. ಅಣ್ಣ ಬಂದು ಕತ್ತಲಲ್ಲಿ ಅವಳ ಬೆನ್ನ ಹಿಂದೆ ಕೈಕಟ್ಟಿ ನಿಂತ. ಈ ಸಲ ಅವಳು ಇಂಚಿಂಚೂ ಬಿಡದೆ ನೋಡಿದಳು. ಬಲಭಾಗದ ಗುಂಡುಗಳು ತಿರುಗಿಸಿದ ಹಾಗೆಲ್ಲ ಕರಗಿದವು. ಎಡಭಾಗದ ಮೇಲಿನವೂ ಕರಗಿದವು. ತಳಕ್ಕೆ ಬಂದಳು. ಉದ್ದಕ್ಕೆ ನೋಡಿದಾಗ ಗುಂಡು. ಪ್ರೋಬ್ ತಿರುಗಿಸಿದಳು. ಅಡ್ಡಕ್ಕೂ ಗುಂಡು. ಇದು ಕರಗಲಿಲ್ಲ.

"ಇದೊಂದು ನಿಜವಾದ ಗಂಟು," ಎಂದಳು. "ಸಣ್ಣದು. ಅಂಚು ಸರಿಯಾಗಿದೆ, ಒಳಗೆ ಸುಣ್ಣದ ಚುಕ್ಕಿಗಳಿಲ್ಲ. ಆದ್ರೂ ಬಣ್ಣ ತುಂಬಾ ಕಪ್ಪು. ಸೂಜಿ ಹಾಕಿ ನೋಡೋದು ಒಳ್ಳೇದು."

"ನಾನು ಹೇಳ್ಲಿಲ್ವಾ?" ಎಂದ ಅಣ್ಣ. ಅವಳ ಭುಜ ತಟ್ಟಿ, ರೋಗಿಯ ಕಡೆಗೆ ಬಾಗಿ, ನೋಡಮ್ಮ, ಗಂಟಿರುವುದು ಈಗ ಇವಳ ಬಾಯಲ್ಲೇ ಬಂತು, ನಾಳೆ ಬೆಳಗ್ಗೆ ಹೊಟ್ಟೆಗೆ ಏನೂ ತೆಗೆದುಕೊಳ್ಳದೆ ಬಂದುಬಿಡು ಎಂದ. ಡಾಕ್ಟರಮ್ಮ ಪ್ರೋಬನ್ನು ಸ್ಟ್ಯಾಂಡಿಗೆ ಕುಕ್ಕಿದಳು. ಒಂದು ಸಣ್ಣ ಗಂಟಿಗೆ ಸೂಜಿಯೂ ಹಾಕದೆ ಇಡೀ ಗ್ರಂಥಿ ಕೀಳುವುದು ಯಾವ ಪುಸ್ತಕದಲ್ಲಿದೆ ಎಂದು ಕೇಳಿದಳು. ನಿನ್ನೆ ಗಂಟೇ ಇಲ್ಲ ಎಂದವಳು ಇವತ್ತು ನನಗೆ ಪುಸ್ತಕ ಹೇಳಬೇಡ ಎಂದು ಅವನು ತಿರುಗಿಸಿ ಕೊಟ್ಟ. ಅವಳು ಇನ್ನೊಂದು ಹೇಳಿದಳು, ಅವನು ಮತ್ತೊಂದು. ಮಾತು ಗ್ರಂಥಿಯನ್ನು ಬಿಟ್ಟು ಎಲ್ಲೆಲ್ಲಿಗೋ ಹೋಯಿತು, ಅಪ್ಪನ ಕಾಲಕ್ಕೆ ಹೋಯಿತು, ಯಾರು ಯಾರ ನೆರಳಲ್ಲಿ ಬದುಕಿದ್ದಾರೆ ಎಂಬಲ್ಲಿಗೂ ಹೋಯಿತು.

ಶಿಳ್ಳೆ ಟೀಚರ್ ದಿಂಬಿನ ಮೇಲಿಂದ ಎದ್ದು ಕೂತಳು. ಕುತ್ತಿಗೆಯ ಜೆಲ್ ಒರೆಸಿಕೊಳ್ಳಲೂ ಇಲ್ಲ, ಅದು ಇಳಿದು ಸ್ವೆಟರಿನ ಕತ್ತನ್ನು ತೋಯಿಸುತ್ತಿತ್ತು.

"ನಿಮ್ಮಿಬ್ಬರ ನಡುವೆ ಏನಿದೆಯೋ ನನಗೆ ಗೊತ್ತಿಲ್ಲ, ಅದು ನಿಮ್ಮ ಮನೆ ವಿಷಯ," ಎಂದಳು. ಒಡಕು ದನಿ, ಆದರೂ ಇಬ್ಬರ ಬಾಯಿಯೂ ಕಟ್ಟಿತು. "ಆದ್ರೆ ಆ ಜಗಳ ಆಡೋಕೆ ನನ್ನ ಕುತ್ತಿಗೆನೇ ಬೇಕಾ? ಒಬ್ಬರು ನೋಡೋ ಮೊದಲೇ ಕೊಯ್ಯೋ ದಿನ ಗೊತ್ತು ಮಾಡ್ತೀರಿ. ಇನ್ನೊಬ್ಬರು ಪೂರ್ತಿ ನೋಡದೇನೇ ಏನೂ ಇಲ್ಲ ಅಂತ ಮನೆಗೆ ಕಳಿಸ್ತೀರಿ. ನಾನು ಒಂದು ಮಗುನ ನೀರಿಗೆ ಬಿಟ್ರೆ ಅದು ದಡಕ್ಕೆ ಬರೋವರೆಗೂ ಕಣ್ಣು ಮಿಟುಕಿಸಲ್ಲ. ಫೋನು ಬಂತು ಅಂತ ಆ ಕಡೆ ತಿರುಗಿದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಾ?"

ಅವಳು ಅಣ್ಣನನ್ನು ನೋಡಿದಳು.

"ಸೂಜಿ ಹಾಕಿ ನೋಡೋ ಮೊದಲು ಕೊಯ್ಯಲೇಬೇಕಾ ಡಾಕ್ಟ್ರೇ? ಹೌದು ಅಥವಾ ಇಲ್ಲ, ಅಷ್ಟೇ ಹೇಳಿ."

ಅಣ್ಣ ತನ್ನ ಅನುಭವದ ಮಾತು ತೆಗೆದ, ಎಷ್ಟೋ ಸಲ ಸೂಜಿಯೂ ಮೋಸ ಮಾಡುತ್ತದೆ ಎಂದ. ಅವಳು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಕೊನೆಗೆ ಅವನು, ಕೊಯ್ಯಲೇಬೇಕು ಅಂತೇನಿಲ್ಲ ಎಂದು ಗೋಡೆಗೆ ಹೇಳಿದ. ಹಾಗಾದರೆ ನಾಳೆ ನಾನು ಬರುವುದಿಲ್ಲ, ಈ ಚಿತ್ರಗಳನ್ನು ನನಗೆ ಕೊಡಿ, ನಿಮ್ಮಿಬ್ಬರ ಪರಿಚಯವೂ ಇಲ್ಲದವರ ಹತ್ತಿರ ತೋರಿಸುತ್ತೇನೆ ಎಂದಳು. ಹೊರಡುವಾಗ ಬಾಗಿಲಲ್ಲಿ ನಿಂತು ಡಾಕ್ಟರಮ್ಮನಿಗೆ ಹೇಳಿದಳು. "ನೀವು ಕೊಳದ ಹತ್ತಿರ ಬಂದು ಹೇಳಿದ್ರಿ, ಅದು ಒಳ್ಳೇದಾಯ್ತು. ಆದ್ರೆ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅದನ್ನೂ ತಿಳ್ಕೊಂಡಿರಿ."

ದೊಡ್ಡ ಆಸ್ಪತ್ರೆಯಲ್ಲಿ ಅವಳ ಗಂಟಿಗೆ ಸೂಜಿ ಹಾಕಿದರು. ಅದರಲ್ಲಿ ಬಂದದ್ದು ಉರಿಯೂತದ ಕೋಶಗಳು ಮಾತ್ರ, ಕ್ಯಾನ್ಸರಿನ ಸುಳಿವಿಲ್ಲ. ರಕ್ತದ ಪರೀಕ್ಷೆಯೂ ಡಾಕ್ಟರಮ್ಮ ಹೇಳಿದ್ದನ್ನೇ ಹೇಳಿತು. ಮಾತ್ರೆ ಶುರುವಾಯಿತು. ಇದೆಲ್ಲವನ್ನೂ ಶಿಳ್ಳೆ ಟೀಚರ್ ಫೋನಿನಲ್ಲಿ, ಸುದ್ದಿ ಓದುವವಳ ಹಾಗೆ, ನಡುವೆ ಒಂದು ಥ್ಯಾಂಕ್ಸ್ ಕೂಡ ಹಾಕದೆ ತಿಳಿಸಿದಳು. ಡಾಕ್ಟರಮ್ಮ ಅದನ್ನು ಹೋಗಿ ಅಣ್ಣನಿಗೆ ಹೇಳಿದಾಗ ಅವನು, ಅದೃಷ್ಟ ಚೆನ್ನಾಗಿತ್ತು ಬಿಡು ಎಂದ. ಆಮೇಲೆ, ಇನ್ನು ಮೇಲೆ ನಿನ್ನ ರಿಪೋರ್ಟುಗಳು ನಾನು ನೋಡಿದ ಮೇಲೆಯೇ ರೋಗಿಗಳ ಕೈಗೆ ಹೋಗಬೇಕು, ನಿನ್ನ ಅತ್ತಿಗೆ ಅದಕ್ಕೊಂದು ವ್ಯವಸ್ಥೆ ಮಾಡಿದ್ದಾಳೆ ಎಂದ. ಅವಳು ಕೆಳಗೆ ಹೋಗಿ ತನ್ನ ಕನ್ನಡಕದ ಡಬ್ಬಿ, ಕುರ್ಚಿಯ ಬೆನ್ನಿಗಿಟ್ಟುಕೊಳ್ಳುವ ದಿಂಬು, ನಾಲ್ಕು ಪುಸ್ತಕ ಒಂದು ಚೀಲಕ್ಕೆ ತುಂಬಿಕೊಂಡು ಹೊರಬಿದ್ದಳು. ಹಡಗಿನ ಕೆಲಸದಲ್ಲಿ ದೂರವಿದ್ದ ಗಂಡ ಫೋನಿನಲ್ಲಿ, ಇಷ್ಟು ವರ್ಷ ಹೇಗೆ ತಡೆದುಕೊಂಡೆಯೋ ಎಂದನೇ ಹೊರತು ಯಾಕೆ ಬಿಟ್ಟೆ ಎಂದು ಕೇಳಲಿಲ್ಲ.

ಬಸ್ ನಿಲ್ದಾಣದ ಎದುರಿನ ಕಟ್ಟಡದಲ್ಲಿ, ಕೆಳಗೆ ಟೈರ್ ಅಂಗಡಿ, ಪಕ್ಕದಲ್ಲಿ ಟೈಲರ್, ನಡುವಿನ ಮೆಟ್ಟಿಲು ಹತ್ತಿದರೆ ಸಿಗುವ ಎರಡು ಕೋಣೆಗಳಲ್ಲಿ ಅವಳು ತನ್ನದೇ ಸ್ಕ್ಯಾನಿಂಗ್ ಸೆಂಟರ್ ತೆರೆದಳು. ಕಷ್ಟವಾಯಿತು, ಆದರೆ ನಡೆಯಿತು. ಅಮ್ಮನನ್ನು ನೋಡಲು ಹೋಗುವುದು ನಿಂತಿತು. ಆ ಮೆಟ್ಟಿಲು ಮತ್ತೆ ತುಳಿಯುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. ಅಮ್ಮನೂ ಫೋನು ಮಾಡಿದರೆ ಚೆನ್ನಾಗಿದ್ದೀಯಾ ಎಂದು ಕೇಳಿ ಇಟ್ಟುಬಿಡುತ್ತಿದ್ದಳು.

ಶಿಳ್ಳೆ ಟೀಚರ್ ಅರ್ಧ ವರ್ಷ ಕಳೆದ ಮೇಲೆ ಅಲ್ಲಿಗೇ ಬಂದಳು, ಸ್ವೆಟರ್ ಇಲ್ಲದೆ. ಗ್ರಂಥಿ ನುಸಿ ತಿಂದ ಹಾಗೆಯೇ ಇತ್ತು, ಅದು ಮತ್ತೆ ನುಣ್ಣಗಾಗುವಂಥದ್ದಲ್ಲ. ಸಣ್ಣ ಗಂಟು ಇದ್ದಷ್ಟೇ ಇತ್ತು. ದನಿ ಮುಕ್ಕಾಲು ವಾಸಿ ಮರಳಿತ್ತು. ಫೋನು ತೆಗೆದಿಟ್ಟಿದ್ದೀರಾ ಎಂದು ಮೊದಲೇ ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ಮಲಗಿದಳು. ಎಲ್ಲ ಮುಗಿದ ಮೇಲೆ ಮಂಚದ ಅಂಚಿನಲ್ಲಿ ಕೂತು, ನಿಮ್ಮ ಅಣ್ಣನ ಹತ್ತಿರ ನನ್ನ ಹಾಗೆ ಬಂದು, ಹೂಂ ಎಂದು ಕೊಯ್ಯಿಸಿಕೊಂಡು ಹೋದವರು ಎಷ್ಟು ಜನ ಎಂದು ಕೇಳಿದಳು. ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದಳು. ಗೊತ್ತು ಮಾಡಿಕೊಳ್ಳಬೇಕು ಅಂತ ಅನ್ನಿಸಲಿಲ್ವಾ ಎಂದು ಆಕೆ ಕೇಳಿ, ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿದಳು. ಆ ಪ್ರಶ್ನೆ ಡಾಕ್ಟರಮ್ಮನನ್ನು ಬೆನ್ನಿಗೆ ಬಿದ್ದು ಕಾಡಿತು. ಎರಡು ಸಲ ಅಣ್ಣನಿಗೆ ಫೋನು ಮಾಡಿದಳು. ಎರಡು ಸಲವೂ ಅತ್ತಿಗೆ ಎತ್ತಿ, ಅವರು ಆಪರೇಷನ್ನಿನಲ್ಲಿದ್ದಾರೆ ಎಂದಳು.

ಆಮೇಲೊಂದು ದಿನ ಅಣ್ಣ ತಾನಾಗಿಯೇ ಬಂದ. ಅಮ್ಮನನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಿದ್ದ. ಕಾಯುವ ಕೋಣೆಯಲ್ಲಿ ಬೇರೆಯವರ ನಡುವೆ ಕೂತು ಸರದಿ ಬರುವವರೆಗೂ ಕಾದ. ಅಮ್ಮನ ಮುಖ ಊದಿತ್ತು, ಹುಬ್ಬಿನ ತುದಿಯ ಕೂದಲು ಉದುರಿತ್ತು. ಮಾತು ಎಳೆದೆಳೆದು ಬರುತ್ತಿತ್ತು. ಕೂತಲ್ಲೇ ತೂಕಡಿಸುತ್ತಿದ್ದಳು. ಡಾಕ್ಟರಮ್ಮನಿಗೆ ಗಾಬರಿಯ ಹಿಂದೆಯೇ ಸಿಟ್ಟು ಬಂತು.

"ನಿಧಾನವಾಗಿ ನೋಡು," ಎಂದ ಅಣ್ಣ. "ಬೇರೆ ಯಾರ ಹತ್ತಿರನೂ ತೋರಿಸೋಕೆ ನನಗೆ ಧೈರ್ಯ ಬರ್ಲಿಲ್ಲ."

"ಬೇರೆಯವರ ಅಮ್ಮಂದಿರನ್ನೂ ಹೀಗೇ ನಿಧಾನವಾಗಿ ನೋಡ್ಬೇಕಿತ್ತು ಅಣ್ಣ."

ಅವಳು ಅಮ್ಮನ ಸುಕ್ಕು ಕುತ್ತಿಗೆಯ ಮೇಲೆ ಪ್ರೋಬ್ ಇಟ್ಟಳು. ಗ್ರಂಥಿ ಇರಬೇಕಾದ ಕಡೆ ಎರಡು ಒಣಗಿದ ಎಲೆಗಳಂಥ ಚೂರುಗಳಿದ್ದವು. ಕಾವಲಿನವರು ತಿನ್ನುವಷ್ಟೂ ತಿಂದು, ತಿನ್ನಲು ಏನೂ ಉಳಿಯದೆ ಎಂದೋ ಹೊರಟುಹೋಗಿದ್ದರು. ಇದು ನಿನ್ನೆ ಮೊನ್ನೆಯದಲ್ಲ. ಈ ವಯಸ್ಸಿನಲ್ಲಿ ಸುಸ್ತು ಇದ್ದದ್ದೇ ಎಂದು ಹೇಳಿಕೊಂಡು ಬಂದಿದ್ದಾಗಿ ಅಣ್ಣ ತಗ್ಗಿದ ದನಿಯಲ್ಲಿ ಒಪ್ಪಿಕೊಂಡ. ಪರದೆಯನ್ನು ಅವನ ಕಡೆಗೆ ತಿರುಗಿಸಿದಳು. ಅವನಿಗೆ ವಿವರಿಸಿ ಹೇಳುವ ಅಗತ್ಯವಿರಲಿಲ್ಲ.

ಆಪರೇಷನ್ ಮಾಡಬೇಕಾ ಎಂದು ಅಮ್ಮ ಮಲಗಿದಲ್ಲಿಂದಲೇ ಕೇಳಿದಳು. ಬೇಡಮ್ಮ, ಮಾತ್ರೆ ಸಾಕು, ಸಣ್ಣ ಡೋಸಿನಿಂದ ಶುರು ಮಾಡೋಣ ಎಂದ ಅಣ್ಣ.

"ಸೂಜಿನೂ ಹಾಕದೆ ಕೊಯ್ದು ಕಳಿಸಿದವರು ಎಷ್ಟು ಜನ?" ಎಂದಳು ಡಾಕ್ಟರಮ್ಮ.

"ಅಮ್ಮನ ಎದುರಿಗೆ ಬೇಡ."

"ಅಮ್ಮನ ಎದುರಿಗೇ ಬೇಕು."

"ಹಳೇ ಫೈಲೆಲ್ಲಾ ತೆಗೆಸಿ ನೋಡ್ತೀನಿ," ಎಂದ ಅವನು. ನೋಡುತ್ತಾನೆಂದು ಅವಳಿಗೆ ನಂಬಿಕೆ ಬರಲಿಲ್ಲ. ನಾನೂ ಬಂದು ಜೊತೆಗೆ ಕೂತು ನೋಡುತ್ತೇನೆ, ನಾಳೆಯೇ ಬರುತ್ತೇನೆ ಎಂದಳು. ಅವನು ಬೇಡ ಎನ್ನಲಿಲ್ಲ.

ಅಮ್ಮ ಎದ್ದು ಕೂತಳು. ಇದು ನನಗೆ ಎಷ್ಟು ಕಾಲದಿಂದ ಇತ್ತು ಎಂದು ಮಗಳನ್ನು ಕೇಳಿದಳು. ತುಂಬಾ ವರ್ಷಗಳಿಂದ ಇರಬೇಕಮ್ಮ ಎಂದಳು ಡಾಕ್ಟರಮ್ಮ. ಅಮ್ಮ ತನ್ನ ಊದಿದ ಬೆರಳುಗಳನ್ನೇ ನೋಡುತ್ತಾ, ಎಳೆದೆಳೆದು ಬರುವ ದನಿಯಲ್ಲಿ ಹೇಳಿದಳು.

"ಇಬ್ಬಿಬ್ಬರು ಡಾಕ್ಟರನ್ನ ಹೆತ್ತೆ. ಒಬ್ಬ ವಯಸ್ಸಾಯ್ತು ಅಂದ. ಇನ್ನೊಬ್ಬಳು ಸಿಟ್ಟು ಮಾಡ್ಕೊಂಡು ನನ್ನ ಮುಖನೇ ನೋಡ್ಲಿಲ್ಲ. ಮನೆ ಕೆಲಸದವಳು ಹೇಳಿದ್ಲು ನನಗೆ, ಅಜ್ಜಿ ನಿಮಗೆ ಏನೋ ಆಗಿದೆ ಅಂತ."

ಅಣ್ಣ ಒಂದು ಕೈ ಚಾಚಿದ, ಡಾಕ್ಟರಮ್ಮ ಇನ್ನೊಂದು. ಅಮ್ಮ ಎರಡನ್ನೂ ಸರಿಸಿ, ಮಂಚದ ಕಂಬಿ ಹಿಡಿದು ತಾನೇ ಕೆಳಗಿಳಿದಳು. ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ, ಕಾಯುತ್ತಾ ಕೂತವರ ನಡುವೆ ಹಾದು ಬಾಗಿಲ ಕಡೆ ನಡೆದಳು. ಅಣ್ಣ ತಂಗಿ ಇಬ್ಬರೂ ಅವಳ ಹಿಂದೆ, ಬೈಸಿಕೊಂಡ ಮಕ್ಕಳ ಹಾಗೆ, ಮೆಟ್ಟಿಲು ಇಳಿದರು.